ಕಬ್ಬಿನ ಗದ್ದೆಯಿಂದ ದಿಲ್ಲಿಗೆ: ಶಿರೋಳದ ಶಾಸಕನ ಕಥೆ

ದೀಪಾವಳಿ ಕಳೆದ ಮೇಲಿನ ದಿನಗಳಲ್ಲಿ ನಿಪ್ಪಾಣಿಯನ್ನು ದಾಟಿ ಕೊಲ್ಹಾಪುರದ ಹಾದಿ ಹಿಡಿದವರಿಗೆ ಬಸ್ಸಿನ ಕಿಟಿಕಿಯಿಂದ ಕಾಣುವುದು ಕಬ್ಬು ಒಂದೇ. ಎರಡೆರಡು ಟ್ರೈಲರುಗಳನ್ನು ಸಾಲಾಗಿ ಕಟ್ಟಿಕೊಂಡು ಏದುಸಿರು ಬಿಡುತ್ತ ಸಾಗುವ ಟ್ರಾಕ್ಟರುಗಳು, ಹೇರು ಮೀರಿ ತುಂಬಿದ ಎತ್ತಿನ ಗಾಡಿಗಳು, ಹಿಂದಿನಿಂದ ಓಡಿ ಬಂದು ಒಂದು ಜಲ್ಲೆ ಎಳೆದುಕೊಳ್ಳುವ ಮಕ್ಕಳು. ಗಾಳಿಯಲ್ಲೆಲ್ಲ ಕಾಕಂಬಿಯ ವಾಸನೆ. ನಮ್ಮ ಕಡೆ ಅಡಿಕೆಯ ಧಾರಣೆ ಹೇಗೋ ಅಲ್ಲಿ ಕಬ್ಬಿನ ದರ ಹಾಗೆ. ಮಗಳ ಮದುವೆ, ಮನೆಯ ಮಾಡು, ಮಕ್ಕಳ ಓದು, ಬೇಂಕಿನ ಸಾಲ ಎಲ್ಲವೂ ಆ ಒಂದು ಅಂಕೆಗೆ ಕಟ್ಟಿಬಿದ್ದಿವೆ.

ಆದರೆ ಅಡಿಕೆಯವನಿಗಿರುವ ಒಂದು ಅನುಕೂಲ ಕಬ್ಬಿನವನಿಗಿಲ್ಲ. ಅಡಿಕೆಯನ್ನು ಒಣಗಿಸಿ ಸುಲಿದು ಗೋಣಿಯಲ್ಲಿ ತುಂಬಿಟ್ಟರೆ ಧಾರಣೆ ಬರುವ ತನಕ ಕಾಯಬಹುದು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ನಮ್ಮ ಕೃಷಿಕರ ಬೆನ್ನಿಗೆ ನಿಂತದ್ದು ಈ ಕಾಯುವ ಶಕ್ತಿಗೆ ಬಲ ಕೊಡುವುದಕ್ಕಾಗಿಯೇ. ಕಬ್ಬು ಕಾಯುವುದಿಲ್ಲ. ಕಡಿದ ಗಳಿಗೆಯಿಂದಲೇ ಅದು ಒಣಗತೊಡಗುತ್ತದೆ. ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಕಡಿಯದೆ ಬಿಟ್ಟರೆ ಸೂಲಂಗಿ ಬಂದು ರಸ ಕೆಡುತ್ತದೆ. ಆದುದರಿಂದ ಕಾರಖಾನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿದ ರೈತನಿಗೆ ಚೌಕಾಸಿ ಮಾಡುವ ಸ್ವಾತಂತ್ರ್ಯವಿಲ್ಲ. ಕೊಟ್ಟ ದರವೇ ದರ, ತೂಗಿದ ತೂಕವೇ ತೂಕ.

ಈ ಒಂದು ವಿಷಯವನ್ನೇ ಹಿಡಿದು ಜಿಲ್ಲಾ ಪರಿಷತ್ತಿಗೆ, ಅಲ್ಲಿಂದ ಮುಂಬಯಿಯ ವಿಧಾನಸಭೆಗೆ, ಅಲ್ಲಿಂದ ದಿಲ್ಲಿಯ ಲೋಕಸಭೆಗೆ ಹೋದವರೊಬ್ಬರಿದ್ದಾರೆ. ಹತ್ತು ವರ್ಷ ಅಲ್ಲಿ ಕುಳಿತು, ಮತ್ತೆ ಸೋತು ಅದೇ ಗದ್ದೆಗೆ ಮರಳಿದರು. ಹೆಸರು ದೇವಪ್ಪ ಅಣ್ಣಾ ಶೆಟ್ಟಿ. ಲೋಕಕ್ಕೆಲ್ಲ ರಾಜು ಶೆಟ್ಟಿ. ಊರಿನ ಪ್ರಶ್ನೆಯನ್ನು ದಿಲ್ಲಿಗೆ ಒಯ್ಯುವವರಿಗೆ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ ಎಂಬುದನ್ನು ಅರಿಯಲು ಅವರ ರಾಜಕೀಯ ಜೀವನಕ್ಕಿಂತ ಒಳ್ಳೆಯ ಪಾಠ ನಮಗೆ ಹತ್ತಿರದಲ್ಲಿ ಕಾಣುವುದಿಲ್ಲ.

ಹೆಸರುಗಳ ಸೀಮೆ

ಶೆಟ್ಟಿ ಎಂದೊಡನೆ ನಮ್ಮ ಓದುಗರು "ಇವರು ನಮ್ಮ ಬಂಟರೇ?" ಎಂದು ಕೇಳಿಯಾರು. ಅಲ್ಲ. ಕೊಲ್ಹಾಪುರ ಜಿಲ್ಲೆಯ ಪೂರ್ವಭಾಗದಲ್ಲಿ, ಕೃಷ್ಣಾ ಮತ್ತು ಪಂಚಗಂಗಾ ನದಿಗಳು ಕೂಡುವ ಶಿರೋಳ ತಾಲೂಕಿನ ಜೈನ ಬೇಸಾಯಗಾರ ಮನೆತನದವರು ಇವರು. ಹುಟ್ಟಿದ್ದು 1967ರಲ್ಲಿ. ದತ್ತಕ್ಷೇತ್ರವಾದ ನರಸೋಬನವಾಡಿ ಇದೇ ತಾಲೂಕಿನಲ್ಲಿದೆ. ಕನ್ನಡ ಶಾಸನಗಳುಳ್ಳ ಖಿದ್ರಾಪುರದ ಕೋಪೇಶ್ವರ ದೇಗುಲವೂ ಇಲ್ಲಿಯದೇ. ವ್ಯವಹಾರವೆಲ್ಲ ಮರಾಠಿಯಲ್ಲಿ ನಡೆದರೂ ಕನ್ನಡ ಮಾತನಾಡುವ ಮನೆಗಳು ಇಲ್ಲಿ ಇಂದಿಗೂ ಇವೆ. ಹೆಸರುಗಳಂತೂ ಗುಟ್ಟು ಬಿಟ್ಟುಕೊಡುತ್ತವೆ: ರತ್ನಪ್ಪ, ಕಲ್ಲಪ್ಪ, ದೇವಪ್ಪ.

ಈ ಮೂರು ಹೆಸರುಗಳನ್ನು ನಾವು ಸುಮ್ಮನೆ ಆರಿಸಿದ್ದಲ್ಲ. ಈ ಸೀಮೆಯ ಸುಮಾರು ಎಪ್ಪತ್ತು ವರ್ಷಗಳ ರಾಜಕೀಯವನ್ನು ಈ ಮೂವರ ಮೂಲಕ ಹೇಳಿಬಿಡಬಹುದು.

ಮೊದಲನೆಯವರು ರತ್ನಪ್ಪ ಕುಂಭಾರ. ಶಿರೋಳ ತಾಲೂಕಿನ ನಿಮಶಿರಗಾಂವದಲ್ಲಿ 1909ರಲ್ಲಿ ಹುಟ್ಟಿದವರು; ಕೊಲ್ಹಾಪುರ ಸಂಸ್ಥಾನದಲ್ಲಿ ಪ್ರಜಾ ಪರಿಷತ್ತನ್ನು ಕಟ್ಟಿ ಹೋರಾಡಿದವರು; ಭಾರತದ ಸಂವಿಧಾನ ಸಭೆಯ ಸದಸ್ಯರು. 1952ರ ಮೊದಲ ಲೋಕಸಭೆಗೆ ಆಯ್ಕೆಯಾದ ಅವರು ಆಮೇಲೆ ದಿಲ್ಲಿಯನ್ನು ಬಿಟ್ಟು ಮುಂಬಯಿಗೆ ಬಂದು, 1962ರಿಂದ ಶಿರೋಳದ ಶಾಸಕರಾಗಿ, ಮುಂದೆ ಮಂತ್ರಿಯಾಗಿ ದುಡಿದರು. ಇಚಲಕರಂಜಿಯ ಪಂಚಗಂಗಾ ಸಹಕಾರಿ ಸಕ್ಕರೆ ಕಾರಖಾನೆ ಅವರದೇ ಕೂಸು. 1985ರಲ್ಲಿ ಪದ್ಮಶ್ರೀ ಪಡೆದು 1998ರಲ್ಲಿ ತೀರಿಕೊಂಡರು.

ಎರಡನೆಯವರು ಕಲ್ಲಪ್ಪ ಆವಾಡೆ, ಜನರ ಬಾಯಲ್ಲಿ ಕಲ್ಲಪ್ಪಣ್ಣಾ. ಮಗ್ಗಗಳ ಊರಾದ ಇಚಲಕರಂಜಿಯಿಂದ 1980ರ ಸುಮಾರಿಗೆ ಶಾಸಕರಾಗಿ, ರಾಜ್ಯಮಂತ್ರಿಯಾಗಿ, ಹುಪರಿಯಲ್ಲಿ ಜವಾಹರ ಸಹಕಾರಿ ಸಕ್ಕರೆ ಕಾರಖಾನೆಯನ್ನು ನಿಲ್ಲಿಸಿದರು. 1996ರಲ್ಲಿಯೂ 1998ರಲ್ಲಿಯೂ ಅಂದಿನ ಇಚಲಕರಂಜಿ ಕ್ಷೇತ್ರದಿಂದ ಲೋಕಸಭೆಗೆ ಹೋದರು. ಮುಂಬಯಿಯಿಂದ ದಿಲ್ಲಿಗೆ ಹೋದ ಶಾಸಕರೆಂದರೆ ಇವರು ಸರಿಯಾದ ಮಾದರಿ.

ಇವರಿಬ್ಬರೂ ಕಾರಖಾನೆ ಕಟ್ಟಿದವರು. ಮೂರನೆಯವರಾದ ದೇವಪ್ಪ ಶೆಟ್ಟಿ ಕಾರಖಾನೆಯ ಬಾಗಿಲಲ್ಲಿ ನಿಂತು "ಲೆಕ್ಕ ಕೊಡಿ" ಎಂದು ಕೇಳಿದವರು.

ಕಾರಖಾನೆಯೇ ಸರಕಾರ

ಸಹಕಾರಿ ಸಕ್ಕರೆ ಕಾರಖಾನೆ ಎಂದರೆ ರೈತರದೇ ಕಾರಖಾನೆ. ಪಾಲುದಾರರೂ ಅವರೇ, ಕಬ್ಬು ಕೊಡುವವರೂ ಅವರೇ. ಸಾವಕಾರನ ಗಾಣದಿಂದ ರೈತನನ್ನು ಬಿಡಿಸಿದ ಈ ವ್ಯವಸ್ಥೆಯನ್ನು ಹಗುರವಾಗಿ ಕಾಣುವಂತಿಲ್ಲ. ಕೊಲ್ಹಾಪುರ ಜಿಲ್ಲೆಯ ನೀರಾವರಿ, ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಹಲವು ಸಕ್ಕರೆಯ ಹಣದಿಂದಲೇ ಎದ್ದಿವೆ.

ಆದರೆ ಕಾಲಕ್ರಮದಲ್ಲಿ ಕಾರಖಾನೆಯ ಅಧ್ಯಕ್ಷರೇ ಶಾಸಕರು, ಶಾಸಕರೇ ಅಧ್ಯಕ್ಷರು ಎಂಬ ಸ್ಥಿತಿ ಬಂತು. ಕಬ್ಬು ಕಡಿಯುವ ತಂಡಗಳು ಮರಾಠವಾಡೆಯ ಬೀಡ ಮೊದಲಾದ ಜಿಲ್ಲೆಗಳಿಂದ ಬರುತ್ತವೆ. ಅವುಗಳನ್ನು ಕರೆತಂದು ಯಾರ ಗದ್ದೆಗೆ ಯಾವಾಗ ಕಳುಹಿಸಬೇಕೆಂದು ನಿರ್ಣಯಿಸುವುದು ಕಾರಖಾನೆ. ತೂಗುವುದು ಅದರ ಕಾಟಾ. ಕಬ್ಬಿನಲ್ಲಿ ನೂರಕ್ಕೆ ಎಷ್ಟು ಸಕ್ಕರೆ ಇಳಿಯಿತೆಂದು ಅಳೆಯುವುದು ಅದರ ಪ್ರಯೋಗಶಾಲೆ. ಬೆಳೆಸಾಲ ವಸೂಲಾಗುವುದು ಅದರ ಬಿಲ್ಲಿನಲ್ಲಿ. ಇಷ್ಟೆಲ್ಲ ಒಂದೇ ಕೈಯಲ್ಲಿರುವಾಗ ಆ ಕೈಯ ವಿರುದ್ಧ ಮತ ಹಾಕುವ ರೈತನಿಗೆ ಎದೆಗಾರಿಕೆ ಬೇಕು. ರೈತ ತಾನೇ ಯಜಮಾನನಾದ ಮನೆಯಲ್ಲಿ ತಾನೇ ಅರ್ಜಿ ಹಿಡಿದು ನಿಲ್ಲುವಂತಾಯಿತು ಎಂಬುದು ಚಳವಳಿಯವರ ದೂರು.

ಚಳವಳಿ ಶೂನ್ಯದಿಂದ ಹುಟ್ಟಿದ್ದಲ್ಲ. ಶರದ ಜೋಶಿಯವರ ಶೇತಕರಿ ಸಂಘಟನೆ 1980ರಲ್ಲಿ ನಾಸಿಕ ಕಡೆ ಈರುಳ್ಳಿ ಮತ್ತು ಕಬ್ಬಿನ ದರಕ್ಕಾಗಿ ರಸ್ತೆ ತಡೆದಿತ್ತು. ಮರುವರ್ಷ ಕರ್ನಾಟಕದ ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿ ನಡೆದು ಪೋಲೀಸ್ ಗುಂಡಿಗೆ ರೈತರು ಬಲಿಯಾದರು. ಅದೇ ಕಾಲದಲ್ಲಿ ನರಗುಂದ, ನವಲಗುಂದಗಳ ಬೆಂಕಿಯಿಂದ ಕರ್ನಾಟಕದ ರೈತ ಸಂಘ ಎದ್ದಿತು. ಅದರ ಮುಖಂಡ ಎಂ. ಡಿ. ನಂಜುಂಡಸ್ವಾಮಿಯವರು ಮುಂದೆ ಧಾರವಾಡದಿಂದ ವಿಧಾನಸಭೆಗೆ ಹೋದರು. ಆದರೆ ದಿಲ್ಲಿಯ ಬಾಗಿಲು ಆ ಸಂಘಕ್ಕೆ ತೆರೆಯಲಿಲ್ಲ. ಶೆಟ್ಟಿಯವರ ವಿಶೇಷ ಇರುವುದು ಇಲ್ಲಿಯೇ.

ಮುಂಬಯಿಯ ಮೆಟ್ಟಿಲು

ಜೋಶಿಯವರ ಸಂಘಟನೆಯಲ್ಲಿ ಕಾರ್ಯಕರ್ತರಾಗಿ ಬೆಳೆದ ಶೆಟ್ಟಿಯವರು 2002ರಲ್ಲಿ ಕೊಲ್ಹಾಪುರ ಜಿಲ್ಲಾ ಪರಿಷತ್ತಿನ ಸದಸ್ಯರಾದರು. ಜಯಸಿಂಗಪುರದಲ್ಲಿ ವರ್ಷಂಪ್ರತಿ ಹಂಗಾಮಿನ ಆರಂಭಕ್ಕೆ 'ಊಸ ಪರಿಷತ್ತು', ಅಂದರೆ ಕಬ್ಬಿನ ಸಮ್ಮೇಳನ, ಸೇರಿಸುವ ಪದ್ಧತಿ ಬೇರೂರಿತು. ಈ ವರ್ಷ ಟನ್ನಿಗೆ ಎಷ್ಟು ಕೇಳಬೇಕೆಂದು ಅಲ್ಲಿ ಘೋಷಿಸುವುದು, ಆ ದರ ಒಪ್ಪದ ಕಾರಖಾನೆಗೆ ಕಬ್ಬು ಹೋಗದಂತೆ ತಡೆಯುವುದು: ಇದು ಅವರ ಚಳವಳಿಯ ಸರಳ ಸೂತ್ರ. ಕಬ್ಬು ಕಾಯುವುದಿಲ್ಲವೆಂಬುದು ರೈತನ ದೌರ್ಬಲ್ಯವಾದರೆ, ಹಂಗಾಮಿನ ಮೊದಲ ವಾರಗಳಲ್ಲಿ ಗಾಣ ಖಾಲಿ ತಿರುಗುವಂತಿಲ್ಲವೆಂಬುದು ಕಾರಖಾನೆಯ ದೌರ್ಬಲ್ಯ. ಆ ಎರಡನೆಯದನ್ನು ಅವರು ಚೆನ್ನಾಗಿ ಅರಿತರು.

2004ರಲ್ಲಿ ಶರದ ಜೋಶಿಯವರು ಭಾಜಪ ಕೂಟದ ಕಡೆ ವಾಲಿ ರಾಜ್ಯಸಭೆಗೆ ಹೋದರು. ಶೆಟ್ಟಿಯವರು ಬೇರ್ಪಟ್ಟು 'ಸ್ವಾಭಿಮಾನಿ ಶೇತಕರಿ ಸಂಘಟನೆ'ಯನ್ನು ಕಟ್ಟಿದರು. ಅದೇ ವರ್ಷದ ಚುನಾವಣೆಯಲ್ಲಿ ಶಿರೋಳದಿಂದ ಪಕ್ಷೇತರರಾಗಿ ನಿಂತು ಗೆದ್ದರು. ರತ್ನಪ್ಪ ಕುಂಭಾರರ ಕ್ಷೇತ್ರ ಕಾರಖಾನೆಯಿಲ್ಲದ ಒಬ್ಬ ಯುವಕನ ಪಾಲಾಯಿತು. ಆ ಐದು ವರ್ಷ ಸಭಾಧ್ಯಕ್ಷರ ಪೀಠದಲ್ಲಿದ್ದವರು ಅದೇ ಜಿಲ್ಲೆಯ ಗಡಹಿಂಗ್ಲಜದ ಪ್ರತಿನಿಧಿ ಬಾಬಾಸಾಹೇಬ ಕುಪೇಕರರು ಎಂಬುದು ಗಮನಿಸತಕ್ಕ ಸಂಗತಿ.

ಆದರೆ ಶಾಸಕನಾದ ಮೇಲೆ ಶೆಟ್ಟಿಯವರಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು. ಕಬ್ಬಿನ ದರದ ಬೀಗದ ಕೈ ಮುಂಬಯಿಯಲ್ಲಿಲ್ಲ, ದಿಲ್ಲಿಯಲ್ಲಿದೆ. ಕಾರಖಾನೆ ಕೊಡಲೇಬೇಕಾದ ಕನಿಷ್ಠ ದರವನ್ನು ಗೊತ್ತುಪಡಿಸುವುದು ಕೇಂದ್ರ ಸರಕಾರ; 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಸಲ್ಲಬೇಕು, ತಡವಾದರೆ ನೂರಕ್ಕೆ 15ರಂತೆ ಬಡ್ಡಿ. ಸಕ್ಕರೆಯನ್ನು ಹೊರದೇಶಕ್ಕೆ ಬಿಡಬೇಕೇ ಬೇಡವೇ, ತಿಂಗಳಿಗೆ ಎಷ್ಟು ಮಾರಬೇಕು ಎಂಬುದನ್ನು ಹೇಳುವುದೂ ಕೇಂದ್ರವೇ. ಕಾಟಾದ ಮೋಸ ಹಿಡಿಯಲು ಶಾಸಕ ಸಾಕು. ದರದ ಮೂಲವನ್ನು ಹಿಡಿಯಬೇಕಾದರೆ ಸಂಸತ್ತಿಗೇ ಹೋಗಬೇಕು.

ಒಂದು ಮತ, ಒಂದು ನೋಟು

2009ರ ಹೊತ್ತಿಗೆ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ಹಳೆಯ ಇಚಲಕರಂಜಿ ಲೋಕಸಭಾ ಕ್ಷೇತ್ರ ಅಳಿದು ಹಾತಕಣಂಗಲೆ ಎಂಬ ಹೊಸ ಹೆಸರು ಬಂದಿತ್ತು. ಶಿರೋಳ, ಇಚಲಕರಂಜಿ, ಹಾತಕಣಂಗಲೆ, ಶಾಹೂವಾಡಿಗಳೊಂದಿಗೆ ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರ ಮತ್ತು ಶಿರಾಳಾ ಸೇರಿ ಆರು ವಿಧಾನಸಭಾ ಕ್ಷೇತ್ರಗಳು. ಎದುರಾಳಿ ಎರಡು ಬಾರಿ ಗೆದ್ದಿದ್ದ ರಾಷ್ಟ್ರವಾದಿ ಕಾಂಗ್ರೆಸ್ಸಿನ ನಿವೇದಿತಾ ಮಾನೆ. ಇವರ ಮಾವ ಬಾಳಾಸಾಹೇಬ ಮಾನೆ 1977ರಿಂದ ಐದು ಸಲ ಲೋಕಸಭೆಗೆ ಗೆದ್ದವರು.

ಶೆಟ್ಟಿಯವರ ಬಳಿ ಹಣವಿರಲಿಲ್ಲ. 'ಒಂದು ಮತ, ಒಂದು ನೋಟು' ಎಂಬ ಘೋಷಣೆಯೊಂದಿಗೆ ಊರೂರು ತಿರುಗಿದರು. ಮತ ಹಾಕುವವನೇ ಒಂದು ನೋಟನ್ನೂ ಕೊಡಬೇಕು. ಹತ್ತು ರೂಪಾಯಿ ಕೊಟ್ಟವನು ಮತ ಬೇರೆಯವರಿಗೆ ಹಾಕುವುದಿಲ್ಲವೆಂಬ ಹಳ್ಳಿಯ ಲೆಕ್ಕ ಇದರ ಹಿಂದಿತ್ತು. ಚುನಾವಣೆ ಎಂದರೆ ಅಭ್ಯರ್ಥಿ ಜನರಿಗೆ ಹಂಚುವುದು ಎಂಬ ಮಾತು ರೂಢಿಯಾದ ಕಾಲದಲ್ಲಿ ಜನರೇ ಅಭ್ಯರ್ಥಿಗೆ ಹಂಚಿದರು. ಸುಮಾರು 95 ಸಾವಿರ ಮತಗಳ ಅಂತರದಿಂದ ಶೆಟ್ಟಿಯವರು ಗೆದ್ದರು.

ಅದೇ ಚುನಾವಣೆಯಲ್ಲಿ ಪಕ್ಕದ ಕೊಲ್ಹಾಪುರ ಕ್ಷೇತ್ರದಲ್ಲಿಯೂ ಅಂಥದೇ ಪವಾಡ ನಡೆಯಿತು. ಕಾಗಲದ ಸದಾಶಿವರಾವ್ ಮಂಡಲಿಕರು ಬಹುಕಾಲ ಶಾಸಕರಾಗಿದ್ದು 1998ರಿಂದ ಮೂರು ಬಾರಿ ಲೋಕಸಭೆಗೆ ಹೋಗಿದ್ದರು. 2009ರಲ್ಲಿ ಪಕ್ಷ ಟಿಕೆಟು ಕೊಡದಾಗ ಮುಪ್ಪಿನ ವಯಸ್ಸಿನಲ್ಲಿ ಪಕ್ಷೇತರರಾಗಿ ನಿಂತು, ರಾಜಮನೆತನದ ಸಂಭಾಜಿರಾಜೇ ಅವರನ್ನೇ ಸೋಲಿಸಿದರು. ಗಡಹಿಂಗ್ಲಜ ತಾಲೂಕು ಸೇರುವುದು ಈ ಕ್ಷೇತ್ರಕ್ಕೆ. ಒಂದೇ ಜಿಲ್ಲೆಯ ಎರಡು ಸ್ಥಾನಗಳೂ ದೊಡ್ಡ ಪಕ್ಷಗಳ ಕೈತಪ್ಪಿದ್ದು ಆಗ ದೇಶದ ಗಮನ ಸೆಳೆದಿತ್ತು. ಮಂಡಲಿಕರು 2015ರಲ್ಲಿ ತೀರಿಕೊಂಡರು. ಆದರೆ ಇಬ್ಬರಿಗೂ ಒಂದು ವ್ಯತ್ಯಾಸವಿದೆ: ಮಂಡಲಿಕರ ಬೆನ್ನಿಗೆ ಅವರೇ ಬೆಳೆಸಿದ ಕಾರಖಾನೆಯಿತ್ತು, ಶೆಟ್ಟಿಯವರ ಬೆನ್ನಿಗಿದ್ದದ್ದು ರಸ್ತೆ ಮಾತ್ರ.

ದಿಲ್ಲಿಯಲ್ಲಿ ಹತ್ತು ವರ್ಷ

ಲೋಕಸಭೆಗೆ ಹೋದ ಮೇಲೂ ಅವರು ರಸ್ತೆಯನ್ನು ಬಿಡಲಿಲ್ಲ. 2011ರ ನವೆಂಬರಿನಲ್ಲಿ ಪಂಢರಪುರದಿಂದ ಹೊರಟು, ಅಂದಿನ ಕೇಂದ್ರ ಕೃಷಿ ಮಂತ್ರಿ ಶರದ ಪವಾರರ ಊರಾದ ಬಾರಾಮತಿಗೇ ಹೋಗಿ ಉಪವಾಸ ಕುಳಿತರು. ಮರುವರ್ಷ ಟನ್ನಿಗೆ 3,000 ರೂಪಾಯಿಯ ಮೊದಲ ಕಂತು ಕೇಳಿ ನಡೆದ ಚಳವಳಿ ರಕ್ತಪಾತಕ್ಕೆ ತಿರುಗಿತು. ಸಾಂಗ್ಲಿ ಜಿಲ್ಲೆಯಲ್ಲಿ ಪೋಲೀಸ್ ಗುಂಡಿಗೆ ಒಬ್ಬ ರೈತ ಬಲಿಯಾದ. ಶೆಟ್ಟಿಯವರನ್ನು ಇಂದಾಪುರದಲ್ಲಿ ಬಂಧಿಸಲಾಯಿತು. ದೀಪಾವಳಿಯ ಹೊತ್ತಿನಲ್ಲಿ ಒಂದು ಮನೆಯ ದೀಪ ಆರಿತು. ದರ ಒಂದಿಷ್ಟು ಏರಿದರೂ ಆ ಮನೆಗೆ ಯಾವ ದರವೂ ಸಾಲದು. ಚಳವಳಿಗಳ ಜಮಾಖರ್ಚಿನಲ್ಲಿ ಈ ಬಾಬನ್ನು ಮರೆತರೆ ಲೆಕ್ಕ ಸುಳ್ಳಾಗುತ್ತದೆ.

2014ರಲ್ಲಿ ಅವರು ನರೇಂದ್ರ ಮೋದಿಯವರ ಕೂಟದೊಂದಿಗೆ ಕೈಜೋಡಿಸಿದರು. ಬೆಳೆಯ ಖರ್ಚಿನ ಮೇಲೆ ಅರ್ಧದಷ್ಟು ಲಾಭ ಸೇರಿಸಿ ಬೆಂಬಲ ಬೆಲೆ ಕೊಡುತ್ತೇವೆಂಬ ಚುನಾವಣಾ ಮಾತು ಅವರನ್ನು ಆ ಕಡೆ ಸೆಳೆದಿತ್ತು. ಎದುರಿಗೆ ನಿಂತವರು ಕಾಂಗ್ರೆಸ್ಸಿನ ಕಲ್ಲಪ್ಪಣ್ಣಾ ಆವಾಡೆ. ಕಾರಖಾನೆ ಕಟ್ಟಿದವರಿಗೂ ಕಾರಖಾನೆಯ ಲೆಕ್ಕ ಕೇಳಿದವರಿಗೂ ನೇರ ಸ್ಪರ್ಧೆ. ಶೆಟ್ಟಿಯವರ ಗೆಲುವಿನ ಅಂತರ 1 ಲಕ್ಷ 77 ಸಾವಿರಕ್ಕೆ ಏರಿತು. ಅವರ ಜೊತೆಗಾರ ಸದಾಭಾವು ಖೋತ 2016ರಲ್ಲಿ ರಾಜ್ಯದಲ್ಲಿ ಕೃಷಿ ಖಾತೆಯ ರಾಜ್ಯಮಂತ್ರಿಯೂ ಆದರು.

ಅಧಿಕಾರದ ನೆರಳು ಸೇರಿದೊಡನೆ ಸಂಕಟ ಶುರುವಾಯಿತು. ಸರಕಾರದಲ್ಲಿ ಪಾಲು ಇದ್ದವನು ಸರಕಾರದ ವಿರುದ್ಧ ರಸ್ತೆ ತಡೆಯುವುದು ಹೇಗೆ? ತಡೆಯದಿದ್ದರೆ ಜಯಸಿಂಗಪುರದ ಸಮ್ಮೇಳನದಲ್ಲಿ ಮುಖ ತೋರಿಸುವುದು ಹೇಗೆ? 2017ರ ಮೇ ತಿಂಗಳಲ್ಲಿ ಶೆಟ್ಟಿಯವರು ಪುಣೆಯಿಂದ ಮುಂಬಯಿಯವರೆಗೆ ಉರಿಬಿಸಿಲಿನಲ್ಲಿ ನಡೆದರು. ಆ ನಡಿಗೆಗೆ ಅವರು ಇಟ್ಟ ಹೆಸರು 'ಆತ್ಮಕ್ಲೇಶ ಯಾತ್ರೆ'. ತಾನು ಬೆಂಬಲಿಸಿದ ಸರಕಾರ ರೈತನಿಗೆ ಕೊಟ್ಟ ಮಾತು ನಡೆಸಲಿಲ್ಲವೆಂದು ತನಗೆ ತಾನೇ ವಿಧಿಸಿಕೊಂಡ ಪ್ರಾಯಶ್ಚಿತ್ತ ಅದು. ಅದೇ ವರ್ಷ ಖೋತರೊಂದಿಗೆ ಸಂಬಂಧ ಕಡಿಯಿತು. ಆಗಸ್ಟಿನಲ್ಲಿ ಕೂಟವನ್ನೂ ತೊರೆದರು.

ಮುಂದಿನ ಒಂದು ವರ್ಷ ಅವರ ಸಂಸದೀಯ ಜೀವನದ ಉಚ್ಚ ಕಾಲ. ದೇಶದ ನಾನಾ ಭಾಗಗಳ ರೈತ ಸಂಘಟನೆಗಳು 2017ರ ನವೆಂಬರಿನಲ್ಲಿ ದಿಲ್ಲಿಯ ಬೀದಿಯಲ್ಲಿ 'ಕಿಸಾನ್ ಮುಕ್ತಿ ಸಂಸತ್ತು' ನಡೆಸಿ, ಎರಡು ಮಸೂದೆಗಳನ್ನು ಸಿದ್ಧಪಡಿಸಿದವು. ಒಂದು ರೈತರಿಗೆ ಸಾಲದಿಂದ ಬಿಡುಗಡೆಯ ಹಕ್ಕು, ಇನ್ನೊಂದು ಬೆಂಬಲ ಬೆಲೆಯ ಹಕ್ಕು. ಇವನ್ನು 2018ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆಗಳಾಗಿ ಮಂಡಿಸಿದವರು ರಾಜು ಶೆಟ್ಟಿ. ಶಿರೋಳದ ಗದ್ದೆಯಲ್ಲಿ ಹುಟ್ಟಿದ ಪ್ರಶ್ನೆ ಪಂಜಾಬಿನ ಗೋಧಿಯವನ, ಆಂಧ್ರದ ಮೆಣಸಿನವನ ಪ್ರಶ್ನೆಯೊಂದಿಗೆ ಸೇರಿ ದೇಶದ ಪ್ರಶ್ನೆಯಾಗಿ ಸಭೆಯ ಮೇಜಿನ ಮೇಲೆ ಬಂತು.

ಆದರೆ ಬಂದದ್ದು ಅಷ್ಟೇ. ಖಾಸಗಿ ಸದಸ್ಯರ ಮಸೂದೆ ಕಾನೂನಾಗುವುದು ನಮ್ಮ ಸಂಸತ್ತಿನಲ್ಲಿ ಅತಿ ವಿರಳ. 1952ರಿಂದ ಲೆಕ್ಕ ಹಾಕಿದರೂ ಹದಿನಾಲ್ಕು ಮಾತ್ರ, ಕೊನೆಯದು 1970ರಲ್ಲಿ. 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಶೆಟ್ಟಿಯವರ ಮಸೂದೆಗಳೂ ತಮ್ಮಷ್ಟಕ್ಕೆ ಬಿದ್ದುಹೋದವು. 543 ಮಂದಿಯ ಸಭೆಯಲ್ಲಿ ಒಬ್ಬನೇ ಸದಸ್ಯನ ಪಕ್ಷಕ್ಕೆ ಮಾತನಾಡಲು ಸಿಗುವುದು ಕೆಲವು ನಿಮಿಷ. ಇದಕ್ಕೆ ಪ್ರತಿಯಾಗಿ ನೋಡಿರಿ: ಮಸೂದೆ ಮಂಡನೆಗೆ ಕೆಲವೇ ದಿನಗಳ ಹಿಂದೆ, 2018ರ ಜುಲೈಯಲ್ಲಿ, ಅವರು ಮಹಾರಾಷ್ಟ್ರದಲ್ಲಿ ಹಾಲು ಪೂರೈಕೆ ತಡೆಯುವ ಚಳವಳಿ ನಡೆಸಿದರು. ನಾಲ್ಕು ದಿನಗಳಲ್ಲಿ ಹಾಲಿಗೆ ಲೀಟರಿಗೆ 25 ರೂಪಾಯಿ ಕೊಡಿಸಲು ಸರಕಾರ ಒಪ್ಪಿತು. ರಸ್ತೆಯಲ್ಲಿ ನಾಲ್ಕು ದಿನದಲ್ಲಿ ಆದದ್ದು ಸಭೆಯಲ್ಲಿ ಹತ್ತು ವರ್ಷಕ್ಕೂ ಆಗಲಿಲ್ಲ.

ಇಚಲಕರಂಜಿಯ ನೀರು

ಹಾಗಿದ್ದರೂ ಶೆಟ್ಟಿಯವರ ಕಷ್ಟವನ್ನು ದಿಲ್ಲಿಯ ತಲೆಗೇ ಕಟ್ಟುವುದು ಸರಿಯಲ್ಲ. ಕ್ಷೇತ್ರದೊಳಗೇ ಇನ್ನೊಂದು ಕಷ್ಟವಿತ್ತು.

ಇಚಲಕರಂಜಿ ಎಂಬುದು ಯಂತ್ರಮಗ್ಗಗಳ ಪಟ್ಟಣ. 1904ರಲ್ಲಿ ಅಲ್ಲಿ ಮೊದಲ ಯಂತ್ರಮಗ್ಗ ಬಂದಿತು. ಇಂದು ಹಗಲಿರುಳೂ ಮಗ್ಗದ ಸದ್ದಿಲ್ಲದ ಓಣಿ ಅಲ್ಲಿ ಅಪರೂಪ. ದೂರದೂರದಿಂದ ಬಂದ ಕೂಲಿಕಾರರ ಊರು ಅದು. ಪಕ್ಕದಲ್ಲೇ ಪಂಚಗಂಗೆ ಹರಿದರೂ ಪಟ್ಟಣಗಳ ಮತ್ತು ಕಾರಖಾನೆಗಳ ಕೊಳೆ ಸೇರಿ ಆ ನೀರು ಕುಡಿಯಲು ಯೋಗ್ಯವಾಗಿ ಉಳಿಯಲಿಲ್ಲ. ಆದುದರಿಂದ ವಾರಣಾ ನದಿಯಿಂದ ನೀರು ತರುವ ಯೋಜನೆಯಾಯಿತು. 2018ರಲ್ಲಿ ಶಿರೋಳ ತಾಲೂಕಿನ ದಾನೋಳಿಯ ರೈತರು, ತಮ್ಮ ಗದ್ದೆಯ ನೀರು ಹೋಗುತ್ತದೆಂದು ಎದ್ದು ನಿಂತು ಅದನ್ನು ತಡೆದರು. ಆಮೇಲೆ ದೂಧಗಂಗೆಯಿಂದ ತರೋಣವೆಂದರೆ ಕಾಗಲ ಕಡೆಯವರೂ ಗಡಿಯಾಚೆಯ ಕರ್ನಾಟಕದ ರೈತರೂ ವಿರೋಧಿಸಿದರು.

ಈಗ ಹೇಳಿರಿ, ಲೋಕಸಭಾ ಸದಸ್ಯ ಯಾರ ಪಕ್ಷ? ಶಿರೋಳದ ಶಾಸಕನಾಗಿದ್ದರೆ ಉತ್ತರ ಸುಲಭ: ದಾನೋಳಿಯ ರೈತನ ಪಕ್ಷ. ಆದರೆ ಆರು ಕ್ಷೇತ್ರಗಳ ಸದಸ್ಯನಿಗೆ ದಾನೋಳಿಯ ರೈತನೂ ಮತದಾರನೇ, ಕೊಡ ಹಿಡಿದು ಸಾಲಿನಲ್ಲಿ ನಿಂತ ಇಚಲಕರಂಜಿಯ ನೇಕಾರನ ಹೆಂಡತಿಯೂ ಮತದಾರಳೇ. ಮಗ್ಗದವನಿಗೆ ನೂಲಿನ ಬೆಲೆ ಮತ್ತು ವಿದ್ಯುತ್ತಿನ ದರ ಮುಖ್ಯ. ಕಬ್ಬಿನ ಕಂತು ಅವನಿಗೆ ಪರಊರಿನ ಸುದ್ದಿ. ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದವನಿಗೆ ಆ ವಿಷಯವೇ ಬಲ. ಆದರೆ ಆ ವಿಷಯ ಮುಟ್ಟದ ಮನೆಯ ಬಾಗಿಲಲ್ಲಿ ಅವನು ಬರಿಗೈಯಲ್ಲಿ ನಿಲ್ಲುತ್ತಾನೆ.

2019ರಲ್ಲಿ ಶೆಟ್ಟಿಯವರು ಕಾಂಗ್ರೆಸ್ ಮತ್ತು ರಾಷ್ಟ್ರವಾದಿ ಕಾಂಗ್ರೆಸ್ಸಿನ ಬೆಂಬಲದೊಂದಿಗೆ ನಿಂತರು. ಎಂದರೆ, ಇಪ್ಪತ್ತು ವರ್ಷ ಯಾವ ಕಾರಖಾನೆಗಳ ಅಧ್ಯಕ್ಷರ ವಿರುದ್ಧ ಘೋಷಣೆ ಕೂಗಿದ್ದರೋ ಅವರೊಂದಿಗೇ ವೇದಿಕೆ ಹಂಚಿಕೊಂಡರು. ಚುನಾವಣೆಯ ಗಣಿತಕ್ಕೆ ಅದು ಸರಿಹೋಗಬಹುದು. ಹಿಂದೆ ನೋಟು ಕೊಟ್ಟವನ ಮನಸ್ಸಿಗೆ ಸರಿಹೋಯಿತೇ? ಶಿವಸೇನೆಯ ಧೈರ್ಯಶೀಲ ಮಾನೆ, ಅಂದರೆ ನಿವೇದಿತಾ ಮಾನೆಯವರ ಮಗ, ಸುಮಾರು 96 ಸಾವಿರ ಮತಗಳಿಂದ ಗೆದ್ದರು. 2009ರಲ್ಲಿ ತಾಯಿ ಸೋತ ಅಂತರವೂ 2019ರಲ್ಲಿ ಮಗ ಗೆದ್ದ ಅಂತರವೂ ಹೆಚ್ಚುಕಡಿಮೆ ಒಂದೇ.

2024ರಲ್ಲಿ ಶೆಟ್ಟಿಯವರು ಯಾವ ಕೂಟವನ್ನೂ ಸೇರದೆ ಒಂಟಿಯಾಗಿ ನಿಂತರು. ಗೆದ್ದ ಮಾನೆಯವರಿಗೂ ಎರಡನೆಯವರಾದ ಉದ್ಧವ ಠಾಕರೆ ಬಣದ ಸತ್ಯಜಿತ ಪಾಟೀಲರಿಗೂ ಇದ್ದ ಅಂತರ 13 ಸಾವಿರ ಮಾತ್ರ. ಮೂರನೆಯವರಾದ ಶೆಟ್ಟಿಯವರಿಗೆ ಬಂದದ್ದು ಸುಮಾರು 1 ಲಕ್ಷ 80 ಸಾವಿರ. ಹಿಂದೆ ಆರೂವರೆ ಲಕ್ಷದ ಸಮೀಪ ಮತ ಪಡೆದವರಿಗೆ ಇದು ದೊಡ್ಡ ಇಳಿತ. ಆದರೆ ಪಕ್ಷವಿಲ್ಲದೆ, ಕೂಟವಿಲ್ಲದೆ ಅಷ್ಟು ಜನ ಇನ್ನೂ ಜೊತೆಗಿದ್ದಾರೆಂಬುದೂ ಸುಳ್ಳಲ್ಲ.

ಸೋಲಿನ ನಂತರದ ಗೆಲುವು

ಸ್ಥಾನ ಹೋದರೆ ಮನುಷ್ಯ ಹೋದ ಎಂಬುದು ರಾಜಕೀಯದ ಸಾಮಾನ್ಯ ನಿಯಮ. ಶೆಟ್ಟಿಯವರ ವಿಷಯದಲ್ಲಿ ಅದು ಪೂರ್ತಿ ನಿಜವಾಗಲಿಲ್ಲ.

2023ರಲ್ಲಿ, ಹಿಂದಿನ ಹಂಗಾಮಿನ ಕಬ್ಬಿಗೆ ಟನ್ನಿಗೆ ಇನ್ನೂ 400 ರೂಪಾಯಿ ಕೊಡಬೇಕೆಂದು ಕೇಳಿ ಅವರು ಐನೂರು ಕಿಲೋಮೀಟರಿಗೂ ಮಿಕ್ಕ ಪಾದಯಾತ್ರೆ ಮಾಡಿದರು. ನವೆಂಬರಿನಲ್ಲಿ ಕೊಲ್ಹಾಪುರದ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯನ್ನು ತಡೆದರು. ಕೊನೆಗೆ 3,000ಕ್ಕಿಂತ ಕಡಿಮೆ ಕೊಟ್ಟ ಕಾರಖಾನೆಗಳು ಇನ್ನೂ 100 ರೂಪಾಯಿ, ಹೆಚ್ಚು ಕೊಟ್ಟವು 50 ರೂಪಾಯಿ ಕೊಡುವುದೆಂದು ಒಪ್ಪಂದವಾಯಿತು. ಕೇಳಿದ್ದು ನಾನೂರು, ಸಿಕ್ಕಿದ್ದು ನೂರು. ಆದರೆ ನೂರು ಟನ್ನು ಕಬ್ಬು ಕೊಟ್ಟ ಮನೆಗೆ ಅದು ಹತ್ತು ಸಾವಿರ ರೂಪಾಯಿ.

ಇದಕ್ಕಿಂತ ಮುಖ್ಯವಾದದ್ದು ನ್ಯಾಯಾಲಯದಲ್ಲಿ ನಡೆಯಿತು. ಕಬ್ಬಿನ ನ್ಯಾಯ ದರವನ್ನು ಎರಡು ಕಂತುಗಳಲ್ಲಿ ಕೊಟ್ಟರೆ ಸಾಕೆಂದು ಮಹಾರಾಷ್ಟ್ರ ಸರಕಾರ 2022ರ ಫೆಬ್ರವರಿಯಲ್ಲಿ ಹುಕುಂ ಹೊರಡಿಸಿತ್ತು. 14 ದಿನಗಳಲ್ಲಿ ಸಲ್ಲಬೇಕಾದ ಹಣ ಇದರಿಂದ ಹಂಗಾಮು ಮುಗಿಯುವ ತನಕ ಕಾರಖಾನೆಯಲ್ಲಿಯೇ ಉಳಿಯುವಂತಾಯಿತು. ಶೆಟ್ಟಿಯವರು ಮುಂಬಯಿ ಹೈಕೋರ್ಟಿಗೆ ಹೋದರು. 2025ರ ಮಾರ್ಚಿನಲ್ಲಿ ಹೈಕೋರ್ಟು ಆ ಹುಕುಮನ್ನು ರದ್ದುಪಡಿಸಿತು. ಶಾಸಕನೂ ಅಲ್ಲದ, ಲೋಕಸಭಾ ಸದಸ್ಯನೂ ಅಲ್ಲದ ಕಾಲದಲ್ಲಿ ಶೆಟ್ಟಿಯವರು ರಾಜ್ಯದ ಕಬ್ಬು ಬೆಳೆಗಾರರಿಗೆಲ್ಲ ತಂದುಕೊಟ್ಟ ಲಾಭ ಇದು.

ಗಡಿಯ ಈಚೆಗೂ ಈ ಗಾಳಿ ಬೀಸದೆ ಇಲ್ಲ. ಗಡಹಿಂಗ್ಲಜವನ್ನು ದಾಟಿದ ಹಿರಣ್ಯಕೇಶಿ ನದಿ ಸಂಕೇಶ್ವರಕ್ಕೆ ಬರುತ್ತದೆ. ಅಲ್ಲಿಯ ಸಹಕಾರಿ ಸಕ್ಕರೆ ಕಾರಖಾನೆಗೂ ಅದೇ ನದಿಯ ಹೆಸರು. ಈ ಸೀಮೆಯ ರೈತ ಎರಡೂ ರಾಜ್ಯಗಳ ಕಾರಖಾನೆಗಳ ದರವನ್ನು ತೂಗಿ ನೋಡುತ್ತಾನೆ. ಕಬ್ಬಿನ ಗಾಡಿಗೆ ಭಾಷೆಯ ಗಡಿ ಅಡ್ಡಬರುವುದಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕುಳಿತಾಗ ಕರ್ನಾಟಕ ಸರಕಾರ 3,300ಕ್ಕೆ ಸಂಧಾನ ಮಾಡಬೇಕಾಯಿತು. ಆಚೆಯ ದರ ಈಚೆಯವನಿಗೆ ಗೊತ್ತಿರುವ ತನಕ ಹೀಗೆ ನಡೆಯುತ್ತಲೇ ಇರುತ್ತದೆ.

ಹಾಗಾದರೆ ಶೆಟ್ಟಿಯವರು ದಿಲ್ಲಿಗೆ ಹೋದದ್ದು ದಂಡವೇ? ಹಾಗೆಂದು ನಾವು ಹೇಳಲಾರೆವು. ಬೆಂಬಲ ಬೆಲೆ ರೈತನ ಹಕ್ಕಾಗಬೇಕೆಂಬ ಮಾತು 2018ರಲ್ಲಿ ಒಬ್ಬ ಸದಸ್ಯನ ಮಸೂದೆಯಾಗಿತ್ತು. 2020ರ ಚಳಿಗಾಲದಲ್ಲಿ ದಿಲ್ಲಿಯ ಗಡಿಗಳಲ್ಲಿ ಕುಳಿತ ಸಾವಿರಾರು ರೈತರ ಬಾಯಲ್ಲಿ ಅದೇ ಮಾತಿತ್ತು. ಸಭೆಯ ಕಡತದಲ್ಲಿ ಒಮ್ಮೆ ಬರೆದದ್ದು ಬಿದ್ದುಹೋದರೂ ಅಳಿಸಿಹೋಗುವುದಿಲ್ಲ. ಆದರೆ ಅವರ ತಪ್ಪುಗಳನ್ನೂ ಮರೆಮಾಡುವುದು ಬೇಡ. ಒಮ್ಮೆ ಆ ಕೂಟ, ಒಮ್ಮೆ ಈ ಕೂಟ ಎಂದು ಹೋಗಿ ಬಂದದ್ದರಿಂದ ಸಂಘಟನೆ ಒಡೆಯಿತು, ನಂಬಿಕೆ ಸವೆಯಿತು. ಮಗ್ಗದವನಿಗೂ ಕಬ್ಬಿನವನಿಗೂ ಒಪ್ಪಿಗೆಯಾಗುವ ಮಾತನ್ನು ಕಂಡುಕೊಳ್ಳಲು ಹತ್ತು ವರ್ಷ ಸಿಕ್ಕಿದರೂ ಆಗಲಿಲ್ಲ.

ನಮ್ಮ ಜಿಲ್ಲೆಯಿಂದಲೂ ಐ. ರಾಮ ರೈ, ಎಂ. ರಾಮಣ್ಣ ರೈಗಳು ಲೋಕಸಭೆಗೆ ಹೋದುದನ್ನು ನಮ್ಮಲ್ಲಿ ಹಿರಿಯರು ಕಂಡಿದ್ದಾರೆ. ಪಕ್ಷ ಯಾವುದೇ ಇರಲಿ, ಊರಿನವರು ಕೇಳುವ ಪ್ರಶ್ನೆ ಒಂದೇ: ದಿಲ್ಲಿಗೆ ಹೋದವರು ನಮಗೇನು ತಂದರು? ಶಿರೋಳದವರು ಈ ಪ್ರಶ್ನೆ ಕೇಳುವಾಗ ಅವರ ಬಳಿ ಒಂದು ಅಳತೆಗೋಲು ಇದೆ. ಕಬ್ಬಿನ ಬಿಲ್ಲು ಎಷ್ಟು ದಿನಕ್ಕೆ ಬಂತು, ಟನ್ನಿಗೆ ಎಷ್ಟು ಬಂತು ಎಂದು ಅವರು ಎಣಿಸಿ ಹೇಳಬಲ್ಲರು. ಪ್ರತಿನಿಧಿಯನ್ನು ಅಳೆಯಲು ಹೀಗೊಂದು ಲೆಕ್ಕವನ್ನು ಕೈಯಲ್ಲಿಟ್ಟುಕೊಂಡ ಮತದಾರನನ್ನು ಮರುಳುಗೊಳಿಸುವುದು ಸುಲಭವಲ್ಲ. ಶೆಟ್ಟಿಯವರನ್ನು ಎರಡು ಸಲ ಗೆಲ್ಲಿಸಿದ್ದೂ ಈ ಮತದಾರನೇ, ಎರಡು ಸಲ ಸೋಲಿಸಿದ್ದೂ ಇವನೇ. ಮುಂದಿನ ಹಂಗಾಮಿನಲ್ಲಿ ಜಯಸಿಂಗಪುರದ ಮೈದಾನಕ್ಕೆ ಬಂದು ದರ ಎಷ್ಟೆಂದು ಕೇಳುವವನೂ ಇವನೇ.